ಹೀರೇಕಾಯಿಗೆ ಗಿರಾಕಿ ಯಾರು?

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಾರ್ಯದರ್ಶಿಯವರು ಫೋನ್ ಮಾಡಿ, "ಸಾವಯವ ಹೀರೇಕಾಯಿಗೆ ಮಾರುಕಟ್ಟೆ ಹುಡುಕಿದಿರಲ್ಲ, ಅದನ್ನೇ ಹೇಳಿ" ಅಂದಾಗ ನನಗೆ ನಗು ಬಂತು. ಹೋದ ತಿಂಗಳು ಇದೇ ಜಾಗದಲ್ಲಿ ಡಾಕ್ಟರೊಬ್ಬರು ಹೃದಯದ ಬಗ್ಗೆ ಮಾತಾಡಿದರು. ಅದಕ್ಕೂ ಮೊದಲು ದಾಸಸಾಹಿತ್ಯ. ಈ ತಿಂಗಳು ಹೀರೇಕಾಯಿ! ನಾನು ಕೃಷಿ ಓದಿದವಳಲ್ಲ, ವ್ಯಾಪಾರ ಮಾಡಿದ ಮನೆತನದವಳೂ ಅಲ್ಲ. ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದವಳು. ಹಾಗಾಗಿ ಉಪದೇಶ ಮಾಡುವುದಿಲ್ಲ. ತಪ್ಪು ಮಾಡಿ ಕಲಿತದ್ದನ್ನಷ್ಟೇ ಹೇಳುತ್ತೇನೆ.

ಮೊದಲು ಹೀರೇಕಾಯಿಯ ಪರಿಚಯ. ನಮ್ಮ ಊರಿನ ಹೀರೇಕಾಯಿಗೆ ಮೈತುಂಬ ಏಣು. ಇನ್ನೊಂದು ನುಣುಪಾದ ತುಪ್ಪದ ಹೀರೇಕಾಯಿ. ದೆಹಲಿಯಲ್ಲಿ ಬರೀ "ತೋರಿ" ಅಂದರೆ ನುಣುಪಿನದನ್ನೇ ತೂಗುತ್ತಾರೆ. ಎರಡೂ ಒಂದೇ ಕುಲದವು, ಆದರೆ ಸ್ವಭಾವ ಬೇರೆ. ಏಣಿನ ಹೀರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಹೂ ಬಿಡುತ್ತದೆ, ತುಪ್ಪದ ಹೀರೆ ಬೆಳಗಿನ ಜಾವಕ್ಕೆ. ಚಿಕ್ಕಂದಿನಲ್ಲಿ ಹಿತ್ತಲ ಚಪ್ಪರದ ಹಳದಿ ಹೂ ಅರಳಿದರೆ ಆಟ ಬಿಟ್ಟು ಒಳಗೆ ಬರಬೇಕು ಅನ್ನುವುದು ನಮ್ಮಮ್ಮನ ಕಾನೂನು.

ಮಾರುವವರು ತಿಳಿಯಬೇಕಾದ ಮುಖ್ಯ ಸಂಗತಿ ಇನ್ನೊಂದಿದೆ. ಹೂ ಕಚ್ಚಿದ ಒಂದು ವಾರದೊಳಗೆ ಕಾಯಿ ಕುಯ್ಯಬೇಕು. ಎರಡು ದಿನ ಮರೆತರೆ ನಾರು. ಕುಯ್ದ ಮೇಲೂ ಅಷ್ಟೇ, ದೆಹಲಿಯ ಮೇ ತಿಂಗಳ ಬಿಸಿಲಲ್ಲಿ ಮಾರನೆಯ ದಿನವೇ ಬಾಡುತ್ತದೆ. ಕುಂಬಳಕಾಯಿಯ ಹಾಗೆ ಅಟ್ಟದ ಮೇಲಿಟ್ಟು ಒಳ್ಳೆಯ ಬೆಲೆಗೆ ಕಾಯುವ ಹಾಗಿಲ್ಲ. ಆದ್ದರಿಂದಲೇ ಹೀರೇಕಾಯಿ ಬೆಳೆದವರು ಯಾವಾಗಲೂ ಕೊಳ್ಳುವವರು ಹೇಳಿದ ಬೆಲೆಗೆ ತಲೆಬಾಗುತ್ತಾರೆ.

ಈಗ ನನ್ನ ಕಥೆಗೆ ಬರುತ್ತೇನೆ. ನಮ್ಮ ಪಾಕೆಟ್‌ನ ಗೇಟಿನ ಬಳಿ ಒಬ್ಬಾಕೆ ತರಕಾರಿ ತರುತ್ತಿದ್ದಳು. ನಾವೆಲ್ಲ ಅವಳನ್ನು ಭಾಭಿ ಎಂದೇ ಕರೆಯುತ್ತಿದ್ದೆವು. ಬದಾಯೂಂ ಜಿಲ್ಲೆಯವಳು. ಯಮುನೆಯ ಖಾದರ್‌ನಲ್ಲಿ, ಅಂದರೆ ನಮ್ಮ ಮೆಟ್ರೋ ಸೇತುವೆಯಿಂದ ಕಾಣುವ ಹೊಳೆಬಯಲಿನಲ್ಲಿ, ಗಂಡ ಹೆಂಡತಿ ಗುತ್ತಿಗೆಗೆ ನೆಲ ಮಾಡಿಕೊಂಡಿದ್ದರು. ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಬಿಟ್ಟು ಬೇರೆ ಹಾಕುತ್ತಿರಲಿಲ್ಲ. ನಾನೇ ಹೋಗಿ ನೋಡಿದ್ದೆ. ಉಳಿದ ಕಾಯನ್ನು ಸಂಜೆ ಮಂಡಿಗೆ ಒಯ್ದರೆ ಕಿಲೋಗೆ ಹದಿನಾಲ್ಕು ರೂಪಾಯಿ ಕೈಗೆ ಬಂದದ್ದೂ ಉಂಟು. ಅದೇ ದಿನ ನಾವು ಅಂಗಡಿಯಲ್ಲಿ ಐವತ್ತು ಕೊಟ್ಟಿದ್ದೆವು.

ನನಗೆ ತಡೆಯಲಾಗಲಿಲ್ಲ. ಏಣಿನ ಹೀರೆಯ ಬೀಜ ಬೆಂಗಳೂರಿನಿಂದ ತರಿಸಿಕೊಟ್ಟೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಮೀತ್. ಬಳ್ಳಿ ಚೆನ್ನಾಗಿ ಬಂತು. ನಮ್ಮ ವಾಟ್ಸಾಪ್ ಗುಂಪಿಗೆ "ಸಾವಯವ ಹೀರೇಕಾಯಿ, ಸಿಪ್ಪೆ ಚಟ್ನಿಗೆ ಹೇಳಿ ಮಾಡಿಸಿದ್ದು" ಎಂದು ಬರೆದೆ. ಇಲ್ಲಿ ಕೂತಿರುವ ಎಷ್ಟೋ ಜನ ಕೊಂಡಿರಿ. ನಾನು ಬೀಗಿದೆ.

ಆಗ ನಮ್ಮಲ್ಲೇ ಒಬ್ಬರು, ಹೆಸರು ಹೇಳುವುದಿಲ್ಲ, ಮೆಲ್ಲಗೆ ಕೇಳಿದರು: "ಅಕ್ಕಾ, ಗೊಬ್ಬರ ಸರಿ. ನೀರು ಯಾವುದು?"

ನನ್ನಲ್ಲಿ ಉತ್ತರ ಇರಲಿಲ್ಲ. ಮನೆಗೆ ಹೋಗಿ ಓದಿದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರ ಜನವರಿಯಲ್ಲಿ ಕೊಟ್ಟ ತೀರ್ಪಿನಲ್ಲೇ, ಯಮುನೆ ಶುದ್ಧವಾಗುವವರೆಗೆ ದೆಹಲಿಯ ಹೊಳೆಬಯಲಿನಲ್ಲಿ ತಿನ್ನುವ ಬೆಳೆ ಬೆಳೆಯಬಾರದು ಎಂದಿದೆ. ನಗರದ ಚರಂಡಿ, ಕಾರ್ಖಾನೆಗಳ ಕೊಳೆ ಸೇರಿದ ನೀರಿನಿಂದ ಭಾರ ಲೋಹಗಳು ಮಣ್ಣಿಗೆ, ಮಣ್ಣಿನಿಂದ ತರಕಾರಿಗೆ ಬರುತ್ತವೆ. ಅದಕ್ಕೆ ಬೇವಿನ ಹಿಂಡಿ ಏನು ಮಾಡೀತು? ಔಷಧಿ ಹೊಡೆಯದಿದ್ದರೆ ಸಾವಯವ ಎಂದುಕೊಂಡಿದ್ದು ನನ್ನ ಅಜ್ಞಾನ. ಭಾಭಿ ಸುಳ್ಳು ಹೇಳಿರಲಿಲ್ಲ. ತಿಳಿಯದೆ ಸುಳ್ಳು ಹೇಳಿದವಳು ನಾನು. ಗುಂಪಿನಲ್ಲಿ ಕ್ಷಮೆ ಕೇಳಿ ನಿಲ್ಲಿಸಿದೆ. ಭಾಭಿಗೆ ಹೇಳುವುದು ಮಾತ್ರ ಕಷ್ಟವಾಯಿತು. ಯಮುನೆಯನ್ನು ಕೆಡಿಸಿದ್ದು ಅವಳಲ್ಲ. ನಮ್ಮೆಲ್ಲರ ಬಚ್ಚಲ ನೀರೂ ಅಲ್ಲಿಗೇ ಹೋಗುವುದು. ಗಿರಾಕಿ ಕಳೆದುಕೊಂಡವಳು ಅವಳು.

ಅಷ್ಟರಲ್ಲಿ 2023ರ ಜುಲೈ ಬಂತು. 13ನೇ ತಾರೀಕು ಯಮುನೆ 208.66 ಮೀಟರ್ ಮುಟ್ಟಿದಳು. 1978ರ 207.49 ಮೀಟರ್ ದಾಖಲೆಯೂ ಮುಳುಗಿತು. ಖಾದರ್‌ನ ಜನ ಮಯೂರ್ ವಿಹಾರ್ ರಸ್ತೆ ಬದಿಯ ಡೇರೆಗಳಲ್ಲಿ ಎಮ್ಮೆ, ಮಂಚ, ಪಾತ್ರೆ ಸಮೇತ ಕೂತಿದ್ದನ್ನು ನೀವೆಲ್ಲ ನೋಡಿದ್ದೀರಿ. ನಮ್ಮ ವೇದಿಕೆಯಿಂದ ಪುಳಿಯೋಗರೆ ಮಾಡಿಕೊಂಡು ಹೋದಾಗ ಭಾಭಿ ಅಲ್ಲಿದ್ದಳು. ಬಳ್ಳಿ, ಚಪ್ಪರ, ಪಂಪು ಎಲ್ಲ ನೀರುಪಾಲು. ಮಳೆಗಾಲ ಮುಗಿಯುವ ಮೊದಲೇ ಮಕ್ಕಳನ್ನು ಕರೆದುಕೊಂಡು ಬದಾಯೂಂಗೆ ಹೊರಟುಹೋದಳು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಆ ಪುಳಿಯೋಗರೆ ಹಂಚಿದ ಮೂವರು ಸೇರಿ, ಸರಿಯಾಗಿ ಮಾಡಿ ನೋಡೋಣ ಎಂದುಕೊಂಡೆವು. ದಾದ್ರಿ ಕಡೆಯ ಒಂದು ಹಳ್ಳಿಯಲ್ಲಿ ಕೊಳವೆಬಾವಿ ನೀರಿನಲ್ಲಿ ತರಕಾರಿ ಬೆಳೆಯುವ ಐದು ಕುಟುಂಬಗಳು ಸಿಕ್ಕವು. ಐದು ಎನ್ನುವ ಸಂಖ್ಯೆ ಮುಖ್ಯ. ಕೇಂದ್ರ ಸರ್ಕಾರದ ಪಿಜಿಎಸ್-ಇಂಡಿಯಾ ಎಂಬ ವ್ಯವಸ್ಥೆಯಲ್ಲಿ ಒಂದೇ ಊರಿನ ಅಥವಾ ಅಕ್ಕಪಕ್ಕದ ಊರುಗಳ ಕನಿಷ್ಠ ಐದು ರೈತರು ಗುಂಪು ಕಟ್ಟಿಕೊಂಡು, ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ, ಖಾತರಿ ಕೊಡುತ್ತಾರೆ. ರಫ್ತಿಗೆ ಬೇಕಾಗುವ ದುಬಾರಿ ಪ್ರಮಾಣಪತ್ರದ ಖರ್ಚು ಇಲ್ಲಿಲ್ಲ. ಬದಲಾವಣೆಯ ಅವಧಿಯಲ್ಲಿ ಪಿಜಿಎಸ್-ಗ್ರೀನ್, ಪೂರ್ತಿ ಆದ ಮೇಲೆ ಪಿಜಿಎಸ್-ಆರ್ಗ್ಯಾನಿಕ್. ಇದನ್ನು ನಡೆಸುವ ರಾಷ್ಟ್ರೀಯ ಸಾವಯವ ಮತ್ತು ನೈಸರ್ಗಿಕ ಕೃಷಿ ಕೇಂದ್ರ ಇರುವುದು ನಮ್ಮ ಪಕ್ಕದ ಗಾಜಿಯಾಬಾದ್‌ನಲ್ಲೇ. ನಮ್ಮ ಐದು ಕುಟುಂಬಗಳು ಈಗ ಗ್ರೀನ್ ಹಂತದಲ್ಲಿವೆ. ನಾವೂ ಹಾಗೆಂದೇ ಹೇಳುತ್ತೇವೆ, ಒಂದಕ್ಷರ ಹೆಚ್ಚಿಲ್ಲ.

ಕಾನೂನಿನ ಒಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆಹಾರ ಸುರಕ್ಷತಾ ಪ್ರಾಧಿಕಾರದ 2017ರ ಸಾವಯವ ಆಹಾರ ನಿಯಮಗಳ ಪ್ರಕಾರ "ಸಾವಯವ" ಎಂದು ಮಾರಲು ಪ್ರಮಾಣಪತ್ರ ಬೇಕು. ಸಣ್ಣ ಬೆಳೆಗಾರರು ತಿನ್ನುವವರಿಗೆ ನೇರವಾಗಿ ಮಾರಿದರೆ ವಿನಾಯಿತಿ ಇದೆ, ವರ್ಷದ ವಹಿವಾಟು 12 ಲಕ್ಷ ರೂಪಾಯಿ ದಾಟಬಾರದು. ಜೈವಿಕ್ ಭಾರತ್ ಚಿಹ್ನೆ ಹಾಕುವ ಹಾಗಿಲ್ಲ. ಸಂಸ್ಕರಿಸಿದ ಪದಾರ್ಥಕ್ಕೆ ಈ ವಿನಾಯಿತಿ ಇಲ್ಲ. ಅಂದರೆ ಹೀರೇಕಾಯಿ ಸಿಪ್ಪೆಯ ಚಟ್ನಿಪುಡಿ ಮಾಡಿ "ಸಾವಯವ" ಎಂದು ಚೀಟಿ ಅಂಟಿಸುವ ಯೋಚನೆ ಇರುವವರು ಸ್ವಲ್ಪ ತಡೆಯಿರಿ.

ಬೆಳೆ ಬಂತು. ಮೊದಲ ತಿಂಗಳು ಮಾಡಿದ್ದೆಲ್ಲ ತಪ್ಪೇ. ಒಂದು ಅಂಗಡಿಗೆ ಹದಿನೆಂಟು ಕಿಲೋ ಕೊಟ್ಟೆವು. ಮಾರಿದಷ್ಟಕ್ಕೆ ದುಡ್ಡು, ಉಳಿದದ್ದು ವಾಪಸ್ ಎಂಬ ಕರಾರು. ಮೂರನೆಯ ದಿನ ಹನ್ನೊಂದು ಕಿಲೋ ಬಾಡಿ ವಾಪಸ್ ಬಂತು. ದುಡ್ಡು ಬರಲು ಇನ್ನೂ ಒಂದು ತಿಂಗಳು. ಇನ್ನೊಂದು ವಾರ ಒಬ್ಬರ ಮನೆಗೆ ಕಹಿ ಕಾಯಿ ಹೋಯಿತು. ಹೀರೇಕಾಯಿ ಕೆಲವೊಮ್ಮೆ ಕಹಿಯಾಗುತ್ತದೆ. ಕಹಿ ಇದ್ದರೆ ತಿನ್ನಲೇಬಾರದು, ಹೊಟ್ಟೆ ಕೆಡುತ್ತದೆ. ಹೆಚ್ಚುವ ಮೊದಲು ಒಂದು ಚೂರು ನಾಲಿಗೆಗೆ ಮುಟ್ಟಿಸಿ ಎಂದು ಅಂದಿನಿಂದ ಪ್ರತಿ ಚೀಲದಲ್ಲೂ ಚೀಟಿ ಹಾಕುತ್ತೇವೆ. ಕಹಿ ಬಂದರೆ ಬದಲು ಕಾಯಿ.

ಆಮೇಲೆ ದಾರಿ ತಿರುಗಿಸಿದೆವು. ಕುಯ್ದ ಮೇಲೆ ಗಿರಾಕಿ ಹುಡುಕುವುದನ್ನು ಬಿಟ್ಟು, ಗಿರಾಕಿ ಸಿಕ್ಕ ಮೇಲೆ ಕುಯ್ಯುವುದು. ಗುರುವಾರ ರಾತ್ರಿಯೊಳಗೆ ಮನೆಗಳು ಎಷ್ಟು ಕಿಲೋ ಎಂದು ಬರೆಯಬೇಕು. ಶುಕ್ರವಾರ ಹಳ್ಳಿಗೆ ಲೆಕ್ಕ ಹೋಗುತ್ತದೆ. ಶನಿವಾರ ಬೆಳಕು ಹರಿಯುವಾಗ ಕುಯ್ದು, ಹತ್ತು ಗಂಟೆಗೆ ನಮ್ಮ ಗೇಟಿಗೆ. ಬೆಳೆದವರಿಗೆ ಕಿಲೋಗೆ ನಲವತ್ತೈದು, ಗಾಡಿ ಮತ್ತು ಚೀಲಕ್ಕೆ ಹದಿನೈದು, ನಿಮಗೆ ಅರವತ್ತು. ನಮ್ಮ ಮೂವರಿಗೆ ಸೊನ್ನೆ, ಆದರೆ ಚಟ್ನಿಗೆ ಕೊರತೆಯಿಲ್ಲ!

ಆದರೂ ಕನ್ನಡದ ಮನೆಗಳಷ್ಟೇ ಸಾಲಲಿಲ್ಲ. ಬಳ್ಳಿ ಎರಡು ಮೂರು ದಿನಕ್ಕೊಮ್ಮೆ ಕೊಡುತ್ತಲೇ ಇರುತ್ತದೆ. ಆಗ ಯೋಚಿಸಿದೆವು: ದೆಹಲಿಯಲ್ಲಿ ಏಣಿನ ಹೀರೆಗಾಗಿ ಹಂಬಲಿಸುವವರು ಇನ್ನು ಯಾರು? ಬಂಗಾಳಿಗಳು ಇದನ್ನೇ ಝಿಂಗೆ ಎಂದು ಗಸಗಸೆ ಹಾಕಿ ಮಾಡುತ್ತಾರೆ. ಒಡಿಯಾದವರಿಗೆ ಜನ್ಹಿ, ತೆಲುಗರಿಗೆ ಬೀರಕಾಯ, ತಮಿಳರಿಗೆ ಪೀರ್ಕಂಗಾಯ್, ಮಲಯಾಳಿಗಳಿಗೆ ಪೀಚಿಂಗ. ಮೇಲಿನ ಮಹಡಿಯ ಬಂಗಾಳಿ ಮಾಸಿಮಾ ಒಬ್ಬರೇ ಒಂಬತ್ತು ಮನೆ ಸೇರಿಸಿಕೊಟ್ಟರು. ಗುರುವಾಯೂರಪ್ಪನ ದೇವಸ್ಥಾನಕ್ಕೆ ಹೋಗುವ ಗೆಳತಿಯರಿಂದ ಇನ್ನಷ್ಟು. ಬಿಹಾರದ ಮನೆಗಳವರು ನುಣುಪಿನದನ್ನು ನೆನುವಾ ಎಂದು ಇಷ್ಟಪಡುತ್ತಾರೆ. ಜಿತಿಯಾ ಹಬ್ಬಕ್ಕೆ ಗೊಂಚಲಾಗಿ ಬಿಡುವ ಸತ್‌ಪುತಿಯಾ ಎಂಬ ಪುಟ್ಟ ಹೀರೆ ಬೇಕೇ ಬೇಕು. ಹೀಗೆ ನಲವತ್ತೆರಡು ಮನೆಗಳಾದವು.

ಸಾವಯವಕ್ಕೆ ನಾವು ದಕ್ಷಿಣದವರು ಹೆಚ್ಚು ಆಸೆಪಡುವುದಕ್ಕೆ ಕಾರಣವೂ ಇದೆ. ಇಲ್ಲಿಯವರು ಸಿಪ್ಪೆ ಹೆರೆದು ಎಸೆಯುತ್ತಾರೆ. ನಾವು ಸಿಪ್ಪೆಯನ್ನೇ ಹುರಿದು, ಹುಣಸೆಹಣ್ಣು, ಕಾಯಿ, ಮೆಣಸಿನಕಾಯಿ ಹಾಕಿ ರುಬ್ಬಿ ತಿನ್ನುವವರು. ಹೊಡೆದ ಔಷಧಿ ಮೊದಲು ಕೂರುವುದು ಸಿಪ್ಪೆಯ ಮೇಲೇ ಅಲ್ಲವೇ?

ಇನ್ನು ಭಾಭಿ. ಹೋದ ವರ್ಷ ದೀಪಾವಳಿಗೆ ಫೋನ್ ಮಾಡಿದ್ದಳು. ಊರಲ್ಲಿ ಅಣ್ಣನ ಹೊಲದ ಬದುವಿನಲ್ಲಿ ತೋರಿ ಹಾಕಿದ್ದಾಳೆ, ಕೊಳ್ಳುವವರಿಲ್ಲ. ಬದಾಯೂಂ ಇಲ್ಲಿಗೆ ಇನ್ನೂರು ಕಿಲೋಮೀಟರಿಗೂ ದೂರ, ಎಳೆಗಾಯಿ ಬಸ್ಸಿನಲ್ಲಿ ಬಂದರೆ ಬಾಡುತ್ತದೆ. ಆಗ ನಮ್ಮಮ್ಮನ ಬಚ್ಚಲುಮನೆ ನೆನಪಾಯಿತು. ಬೀಜಕ್ಕೆ ಬಿಟ್ಟ ತುಪ್ಪದ ಹೀರೆ ಬಳ್ಳಿಯಲ್ಲೇ ಒಣಗಿದ ಮೇಲೆ ಸಿಪ್ಪೆ ಸುಲಿದು, ಬೀಜ ಉದುರಿಸಿ, ಆ ನಾರನ್ನು ಮೈಯುಜ್ಜಲು ಇಟ್ಟುಕೊಳ್ಳುತ್ತಿದ್ದರು. ಎರಡನೇ ಮಹಾಯುದ್ಧಕ್ಕೆ ಮೊದಲು ಜಪಾನಿನವರು ಈ ನಾರನ್ನು ಅಮೆರಿಕಕ್ಕೆ ಮಾರುತ್ತಿದ್ದರು, ಹಡಗಿನ ಎಂಜಿನ್‌ಗಳಲ್ಲಿ ಶೋಧಿಸಲು ಬಳಸುತ್ತಿದ್ದರು. ಈಗ ಪ್ಲಾಸ್ಟಿಕ್ ಸ್ಕ್ರಬ್ಬರ್ ಬೇಡ ಎನ್ನುವವರು ಹುಡುಕಿಕೊಂಡು ಬರುತ್ತಾರೆ.

"ಕಾಯಿ ಬಿಡು, ಬಳ್ಳಿಯಲ್ಲೇ ಒಣಗಲಿ" ಎಂದೆ. "ದೀದಿ, ಒಣಗಿದ್ದನ್ನು ಯಾರು ಕೊಳ್ಳುತ್ತಾರೆ?" ಎಂದು ನಕ್ಕಳು. ಚಳಿಗಾಲದಲ್ಲಿ ನೂರ ಇಪ್ಪತ್ತು ನಾರಿನ ಕಾಯಿ ಆನಂದ್ ವಿಹಾರ್ ಬಸ್ ನಿಲ್ದಾಣಕ್ಕೆ ಬಂದವು. ಸುಲಿದು, ತೊಳೆದು, ಬಿಸಿಲಲ್ಲಿ ಒಣಗಿಸಿ, ಬ್ಲೀಚ್ ಹಾಕದೆ, ಕತ್ತರಿಸಿ ಮಾರಿದೆವು. ಬಣ್ಣ ಸ್ವಲ್ಪ ಕಂದು, ಹಾಗೇ ಇರಲಿ. ಎಳೆಯದಕ್ಕೆ ಒಂದು ದಿನದ ಆಯುಸ್ಸು, ನಾರಿಗೆ ವರ್ಷಗಟ್ಟಲೆ. ಎಳೆಗಾಯಿ ದೆಹಲಿಯಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ, ನಡುವೆ ಮಳೆಗಾಲದ ಶುರುವಿನಲ್ಲಿ ಸ್ವಲ್ಪ ಬಿಡುವು. ಚಳಿಗಾಲಕ್ಕೆ ನಾರು. ವರ್ಷ ತುಂಬಿತು. ಎಲ್ಲ ಕಳೆದು ಭಾಭಿಯ ಕೈಗೆ ಐದು ಸಾವಿರ ಚಿಲ್ಲರೆ ಹೋಯಿತು. ದೊಡ್ಡ ಮೊತ್ತವಲ್ಲ, ನನಗೆ ಗೊತ್ತು. ಮಗಳ ಶಾಲೆಯ ಫೀಜು ಕಟ್ಟಿದೆ ಎಂದಳು.

ನಮ್ಮ ಊರಿನಲ್ಲಿ ಇಂಥ ಕೆಲಸ ಹೊಸದಲ್ಲ. ಬೆಂಗಳೂರಿನ ಹಾಪ್‌ಕಾಮ್ಸ್ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿತು. 2004ರಲ್ಲಿ ಸಾವಯವ ಕೃಷಿ ನೀತಿ ತಂದದ್ದೂ ಕರ್ನಾಟಕವೇ. ಲಾಲ್‌ಬಾಗ್‌ನಲ್ಲಿ ಜೈವಿಕ್ ಕೃಷಿಕ್ ಸೊಸೈಟಿಯವರ ಮಳಿಗೆ ಇದೆ, ರಜೆಗೆ ಹೋದಾಗ ನೋಡಿ ಬನ್ನಿ. ಇಲ್ಲೂ ಸುಂದರ್ ನರ್ಸರಿಯಲ್ಲಿ ಭಾನುವಾರದ ಸಂತೆ ನಡೆಯುತ್ತದೆ. ಆದರೆ ಬರೀ ಹೀರೇಕಾಯಿ ಹಿಡಿದು ಅಲ್ಲಿಗೆ ಹೋದರೆ ಗಾಡಿ ಖರ್ಚೂ ಹುಟ್ಟುವುದಿಲ್ಲ. ಮೊದಲು ಗೇಟಿನ ಮುಂದಿನ ಸಂತೆ ಗಟ್ಟಿಯಾಗಲಿ.

ಕೊನೆಗೆ ನಿಮ್ಮಲ್ಲಿ ಮೂರು ಕೋರಿಕೆ. ಒಂದು, ಗುರುವಾರ ಹೆಸರು ಬರೆದರೆ ಶನಿವಾರ ಬಂದು ಒಯ್ಯಿರಿ. "ಊರಿಗೆ ಹೋಗಿದ್ದೆ, ಮರೆತೆ" ಎಂದರೆ ಆ ಕಾಯಿಗೆ ಬೇರೆ ಗತಿಯಿಲ್ಲ. ಎರಡು, ಸಂಘದ ಊಟಗಳಿಗೆ ಅಡುಗೆಯವರು ಮಂಡಿಯಿಂದ ತರುವ ತರಕಾರಿಯಲ್ಲಿ ಹೀರೇಕಾಯಿಯ ಪಾಲನ್ನಾದರೂ ಈ ಐದು ಕುಟುಂಬಗಳಿಂದ ತರಿಸಲು ಅಧ್ಯಕ್ಷರು ಮನಸ್ಸು ಮಾಡಬೇಕು. ಒಂದು ಊಟವೆಂದರೆ ಮೂವತ್ತು ಕಿಲೋ, ಎಂಟು ದಿನ ಮೊದಲು ಹೇಳಿದರೆ ಸಾಕು. ಮೂರು, ನಮ್ಮನ್ನು ಪ್ರಶ್ನೆ ಕೇಳುತ್ತಿರಿ. "ನೀರು ಯಾವುದು?" ಎಂದು ಆ ದಿನ ಕೇಳಿದ ಸೋದರಿ ಇವತ್ತು ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಆ ಮೂವರಲ್ಲಿ ಈಗ ಅವರೂ ಒಬ್ಬರು. ಹೊಲಕ್ಕೆ ಹೋದಾಗ ಮೊದಲು ಕೊಳವೆಬಾವಿಯ ಹತ್ತಿರ ನಡೆಯುವವರು ಅವರೇ.

ಬಾಗಿಲ ಬಳಿ ಬುಟ್ಟಿಯಲ್ಲಿ ಇವತ್ತು ಬೆಳಿಗ್ಗೆ ಕುಯ್ದ ಹೀರೇಕಾಯಿ ಇದೆ, ಪಕ್ಕದಲ್ಲಿ ಭಾಭಿಯ ನಾರು. ಹೆಸರು ಬರೆಯುವ ಪುಸ್ತಕವೂ ಇದೆ.