ಕಂಪ್ಯೂಟರಿಗೆ ಕಾಣದ ನೆಟ್‌ವರ್ಕ್ ಕಾರ್ಡು
(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ಉದಗೀರ, ನಿಲಂಗಾ ತಾಲೂಕುಗಳು ಬೀದರ ಜಿಲ್ಲೆಯಿಂದ ಬೇರ್ಪಟ್ಟು ಅಂದಿನ ಮುಂಬಯಿ ರಾಜ್ಯಕ್ಕೆ ಸೇರಿದುದು ತಮಗೆಲ್ಲ ವಿದಿತವೇ ಇದೆ. ಈ ಸೀಮೆಯ ಕನ್ನಡಿಗನು ಮನೆಯಲ್ಲಿ ಒಂದು ನುಡಿಯನ್ನೂ ಕಚೇರಿಯಲ್ಲಿ ಇನ್ನೊಂದನ್ನೂ ಆಡುವಂತೆ, ಒಂದೇ ಗಣಕಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎಂಬ ಎರಡು ಕಾರ್ಯವ್ಯವಸ್ಥೆಗಳನ್ನು ಇಡುವುದುಂಟು. ಹಳೆಯ ಪ್ರಶ್ನಪತ್ರಿಕೆಗಳಿಗೆ, ನುಡಿ ತಂತ್ರಾಂಶಕ್ಕೆ ಮೊದಲಿನದು ಬೇಕು. ಬೆಲೆಯಿಲ್ಲದೆ ದೊರೆಯುವ ಎರಡನೆಯದು ಮಕ್ಕಳ ಕಲಿಕೆಗೆ ಒದಗುತ್ತದೆ. ೨೦೦೧ರಲ್ಲಿ ಕೇರಳವು ಆರಂಭಿಸಿದ ಐಟಿ ಅಟ್ ಸ್ಕೂಲ್ ಯೋಜನೆಯು ಮುಂದೆ ಲಿನಕ್ಸನ್ನೇ ನೆಚ್ಚಿತು. ಕಾಸರಗೋಡಿನ ಕನ್ನಡ ಶಾಲೆಯ ಮಕ್ಕಳೂ ಅದರಲ್ಲಿಯೇ ಕಲಿಯುತ್ತಾರೆ.

ಇಂಥ ಯಂತ್ರದಲ್ಲಿ ಒಂದು ವಿಚಿತ್ರ ವ್ಯಾಧಿಯುಂಟು. ವಿಂಡೋಸಿನಲ್ಲಿ ಅಂತರ್ಜಾಲ ಸರಾಗವಾಗಿ ಬರುತ್ತದೆ. ಲಿನಕ್ಸಿಗೆ ಬಂದರೆ ನೆಟ್‌ವರ್ಕ್ ಕಾರ್ಡೇ ಇಲ್ಲವೆನ್ನುತ್ತದೆ. ಇದು ಚಿಕ್ಕ ತೊಂದರೆಯಲ್ಲ. ೧೯೬೭ರಲ್ಲಿ ಸ್ಥಾಪಿತವಾದ ಬಾಲಭಾರತಿಯ ಕನ್ನಡ ಪಠ್ಯಪುಸ್ತಕಗಳು ಅಂತರ್ಜಾಲದಲ್ಲಿ ದೊರೆಯುತ್ತವೆ. ಶಿಷ್ಯವೇತನದ ಅರ್ಜಿಗಳೂ ಅಲ್ಲಿಯೇ ತುಂಬತಕ್ಕವು. ಕೊನೆಯ ದಿನ ಯಂತ್ರ ಮೂಕವಾದರೆ ನಷ್ಟವು ಬಡ ಕೂಲಿಕಾರನ ಮಗುವಿಗೆ. ರಿಪೇರಿ ಅಂಗಡಿಯವನೊಬ್ಬನು ನಮ್ಮ ಯಂತ್ರವನ್ನು ಬಿಚ್ಚದೆಯೇ "ಕಾರ್ಡು ಸುಟ್ಟಿದೆ, ಹೊಸದು ಹಾಕಿರಿ" ಎಂದನು. ಒಂದು ವ್ಯವಸ್ಥೆಯಲ್ಲಿ ದುಡಿಯುತ್ತಿರುವ ಕಾರ್ಡು ಸುಟ್ಟಿರುವುದಾದರೂ ಹೇಗೆ?

ಕಾರಣವು ಬಹುಮಟ್ಟಿಗೆ ವಿಂಡೋಸ್ ಮುಚ್ಚಿಕೊಳ್ಳುವ ರೀತಿಯಲ್ಲಿದೆ. ೨೦೧೨ರಲ್ಲಿ ಬಂದ ವಿಂಡೋಸ್ ೮ರಿಂದ 'ಫಾಸ್ಟ್ ಸ್ಟಾರ್ಟಪ್' ಎಂಬ ಏರ್ಪಾಡಿದೆ. ಶಟ್ ಡೌನ್ ಮಾಡಿದಾಗ ಅದು ಪೂರ್ಣ ಮುಚ್ಚಿಕೊಳ್ಳದೆ, ತನ್ನ ಒಳಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ಗೋಡೆಯ ಪ್ಲಗ್ಗಿನಿಂದ ಸಣ್ಣ ವಿದ್ಯುತ್ತು ಹರಿಯುತ್ತಲೇ ಇರುವುದರಿಂದ ಕಾರ್ಡೂ ಅರೆನಿದ್ರೆಯಲ್ಲಿ ಉಳಿಯಬಹುದು. ಆಮೇಲೆ ಲಿನಕ್ಸ್ ಬಂದು ಕರೆದರೆ ಓಗೊಡುವುದಿಲ್ಲ.

ಪರೀಕ್ಷೆ ಸುಲಭವಾಗಿದೆ. ವಿಂಡೋಸಿನಲ್ಲಿ ಶಟ್ ಡೌನ್ ಬದಲು ರೀಸ್ಟಾರ್ಟ್ ಒತ್ತಿ, ಅಲ್ಲಿಂದ ನೇರವಾಗಿ ಲಿನಕ್ಸಿಗೆ ಹೋಗಿರಿ. ರೀಸ್ಟಾರ್ಟಿನಲ್ಲಿ ಈ ಅರೆನಿದ್ರೆಯಿಲ್ಲ. ಆಗ ಕಾರ್ಡು ಕಂಡರೆ ರೋಗ ಸಿಕ್ಕಿತೆಂದೇ ತಿಳಿಯಬೇಕು. ಕಂಟ್ರೋಲ್ ಪ್ಯಾನೆಲಿನ ಪವರ್ ಆಪ್ಷನ್ಸ್‌ನಲ್ಲಿ ಪವರ್ ಗುಂಡಿಯ ಕಾರ್ಯವನ್ನು ನಿಶ್ಚಯಿಸುವ ಪುಟಕ್ಕೆ ಹೋಗಿ ಫಾಸ್ಟ್ ಸ್ಟಾರ್ಟಪ್ ಗುರುತನ್ನು ತೆಗೆದುಬಿಡಿ. ಅಷ್ಟಕ್ಕೂ ಕಾರ್ಡು ಏಳದಿದ್ದರೆ ಯಂತ್ರ ನಿಲ್ಲಿಸಿ, ವಿದ್ಯುತ್ ತಂತಿಯನ್ನೇ ಕಿತ್ತು, ಪವರ್ ಗುಂಡಿಯನ್ನು ಹದಿನೈದು ಸೆಕೆಂಡು ಒತ್ತಿ ಹಿಡಿಯಿರಿ. ಉಳಿದ ವಿದ್ಯುತ್ತು ಬರಿದಾಗಿ ಕಾರ್ಡು ಹೊಸದಾಗಿ ಏಳುತ್ತದೆ.

ಇದರಿಂದಲೂ ಗುಣ ಕಾಣದಿದ್ದರೆ ಲಿನಕ್ಸಿನ ಟರ್ಮಿನಲ್ಲಿನಲ್ಲಿ ಎಲ್, ಎಸ್, ಪಿ, ಸಿ, ಐ ಎಂಬ ಐದಕ್ಷರದ ಆಜ್ಞೆಯನ್ನು ಬರೆದು, ತೆರಪು ಬಿಟ್ಟು ಒಂದು ಅಡ್ಡಗೆರೆ, ಎನ್, ಎನ್, ಕೆ ಸೇರಿಸಿರಿ. ಯಂತ್ರದೊಳಗಿನ ಕಾರ್ಡುಗಳ ಹಾಜರಿಪಟ್ಟಿ ಬರುತ್ತದೆ. ಒಂದೊಂದಕ್ಕೂ ತಯಾರಕರ ಅಂಕಿಯಿರುತ್ತದೆ: ರಿಯಲ್‌ಟೆಕ್ಕಿನದು ೧೦ಇಸಿ, ಇಂಟೆಲಿನದು ೮೦೮೬. (೧೯೭೮ರಲ್ಲಿ ಆ ಸಂಸ್ಥೆ ಹೊರತಂದ ಪ್ರೊಸೆಸರಿನ ಸಂಖ್ಯೆಯೂ ಇದೇ!) ಪಟ್ಟಿಯಲ್ಲಿ ಕಾರ್ಡಿದ್ದು, ಅದರ ಕೆಳಗೆ ಬಳಕೆಯಲ್ಲಿರುವ ಡ್ರೈವರಿನ ಹೆಸರಿಲ್ಲದಿದ್ದರೆ ಕೊರತೆ ಡ್ರೈವರಿನದು, ಕಾರ್ಡಿನದಲ್ಲ. ಪಟ್ಟಿಯಲ್ಲಿಯೇ ಇಲ್ಲದೆ, ವಿಂಡೋಸಿನಲ್ಲಿಯೂ ಕಾಣದಿದ್ದರೆ ಮಾತ್ರ ಬಯಾಸಿನಲ್ಲಿ ಲ್ಯಾನ್ ಆರಿಸಲ್ಪಟ್ಟಿದೆಯೇ ಎಂದು ನೋಡಿ, ಬೇರೆ ಕಾರ್ಡಾಗಿದ್ದರೆ ಅದನ್ನು ತೆಗೆದು ಧೂಳೊರೆಸಿ ಬಿಗಿಯಾಗಿ ಕೂರಿಸಬೇಕು.

ಡ್ರೈವರು ತರಲು ಅಂತರ್ಜಾಲ ಬೇಕು, ಅಂತರ್ಜಾಲಕ್ಕೆ ಡ್ರೈವರು ಬೇಕು ಎಂಬ ಇಕ್ಕಟ್ಟು ಕೆಲವು ಬ್ರಾಡ್‌ಕಾಂ ವೈಫೈ ಕಾರ್ಡುಗಳಲ್ಲಿ ಬರುತ್ತದೆ. ಆಗ ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ, ಅದರಲ್ಲಿ ಟೆದರಿಂಗ್ ಹಚ್ಚಿರಿ; ಸಾಮಾನ್ಯವಾಗಿ ಲಿನಕ್ಸ್ ಅದನ್ನು ತಾನಾಗಿ ಗುರುತಿಸುತ್ತದೆ. ಹಾಗೆ ತಂದು ಹಾಕಿದ ಡ್ರೈವರನ್ನು ಸೆಕ್ಯೂರ್ ಬೂಟ್ ಎಂಬ ಕಾವಲು ಒಳಬಿಡದೆ ಇರುವುದೂ ಉಂಟು.

ಕಾರ್ಡಿನ ಆ ಅಂಕಿಯನ್ನು ಚೀಟಿಯಲ್ಲಿ ಬರೆದು ಪ್ರತಿಯೊಂದು ಪೆಟ್ಟಿಗೆಗೂ ಅಂಟಿಸಬೇಕೆಂದು ಪ್ರಯೋಗಶಾಲೆಯ ಅಧ್ಯಾಪಕರಲ್ಲಿ ನನ್ನ ವಿನಂತಿ. ಅಂತರ್ಜಾಲ ನಿಂತ ದಿನ ಬೇರೊಂದು ಯಂತ್ರದಲ್ಲಿ ಡ್ರೈವರನ್ನು ಹುಡುಕುವವರಿಗೆ ಮೊದಲು ಬೇಕಾಗುವುದು ಆ ಅಂಕಿಯೇ.