ಮುಂಗಡಪತ್ರದ ಒಂದು ಸಾಲು



ನಮ್ಮ ಊರುಗಳಲ್ಲಿ ನಾಟಕ ನೋಡಲು ಜನ ಕೂಡುತ್ತಾರೆ; ಕುಸ್ತಿ ನೋಡಲು ಕೂಡುತ್ತಾರೆ; ಚುನಾವಣೆಯ ಎಣಿಕೆಯ ದಿನ ಬೀದಿಯಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಆದರೆ ಆ ಚುನಾವಣೆಯಲ್ಲಿ ಗೆದ್ದವರು ವರ್ಷಕ್ಕೊಮ್ಮೆ ಒಂದೆಡೆ ಕುಳಿತು, ನಾವು ಕೊಟ್ಟ ಹಣವನ್ನು ಹೇಗೆ ವೆಚ್ಚ ಮಾಡಬೇಕೆಂದು ನಿರ್ಣಯಿಸುವ ದಿನ ನೋಡಲು ಬರುವವರು ಬೆರಳೆಣಿಕೆಯಷ್ಟು ಮಂದಿಯೂ ಇರುವುದಿಲ್ಲ. ನಗರಸಭೆಯ ಮುಂಗಡಪತ್ರದ ಸಭೆಯನ್ನು ಕುರಿತೇ ಈ ಹೊತ್ತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ನಾನು ಮಾತನಾಡುವುದು ಘಟಪ್ರಭಾ, ಕೃಷ್ಣಾ ನದಿಗಳ ಸೀಮೆಯನ್ನು ಮನಸ್ಸಿನಲ್ಲಿಟ್ಟುಕೊಂಡು. ಮುಧೋಳ ತಾಲ್ಲೂಕಿನ ತಿಮ್ಮಾಪುರವು ಕಬ್ಬಿನ ಗದ್ದೆಗಳಿಂದಲೂ ಸಹಕಾರಿ ಸಕ್ಕರೆ ಕಾರ್ಖಾನೆಯಿಂದಲೂ ಹೆಸರಾದ ಊರು. ಅದರ ಸುತ್ತಣ ಪೇಟೆಗಳಾದ ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿಗಳಲ್ಲಿ ನಗರಸಭೆಗಳುಂಟು. 1948ರವರೆಗೆ ಮುಧೋಳದಲ್ಲಿ ಘೋರ್ಪಡೆಯವರೂ ಜಮಖಂಡಿಯಲ್ಲಿ ಪಟವರ್ಧನರೂ ಆಳುತ್ತಿದ್ದರು. ಆಗ ಬೊಕ್ಕಸದ ಬೀಗದ ಕೈ ಅರಮನೆಯಲ್ಲಿತ್ತು. ಆ ವರ್ಷ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರಲ್ಲಿ ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. ಬೀಗದ ಕೈ ಈಗ ನಮ್ಮ ಕೈಗೆ ಬಂದಿದೆ. ಆದರೆ ಪೆಟ್ಟಿಗೆಯನ್ನು ತೆರೆದು ನೋಡುವ ಅಭ್ಯಾಸ ಮಾತ್ರ ನಮಗಿನ್ನೂ ಬಂದಿಲ್ಲ.

ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂದಿತು. ಹನ್ನೆರಡನೆಯ ಅನುಸೂಚಿಯಲ್ಲಿ ನಗರಾಡಳಿತಕ್ಕೆ ಒಪ್ಪಿಸಬಹುದಾದ 18 ವಿಷಯಗಳನ್ನು ಎಣಿಸಿದೆ: ನೀರು, ರಸ್ತೆ, ನೈರ್ಮಲ್ಯ, ದೀಪ, ಸ್ಮಶಾನ ಮೊದಲಾದವು. ಹುಟ್ಟಿದ ಮಗುವಿನ ನೋಂದಣಿಯಿಂದ ಸತ್ತವರ ನೆಲದವರೆಗೆ ಎಲ್ಲವೂ ಅದರಲ್ಲಿದೆ. ಈ ಕೆಲಸಗಳಿಗೆಲ್ಲ ಹಣವೆಲ್ಲಿಂದ ಬರಬೇಕು? ಅದನ್ನು ತಿಳಿಸುವ ಪತ್ರವೇ ಮುಂಗಡಪತ್ರ. ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ವರ್ಷಕ್ಕೆ ಅದು ಸಿದ್ಧವಾಗುತ್ತದೆ.

ಮೊದಲು ಜಮೆಯ ಪುಟವನ್ನು ನೋಡೋಣ. ಹಿರಿಯರಿಗೆ ಜಕಾತಿ ನಾಕೆಗಳ ನೆನಪಿರಬಹುದು. ಊರೊಳಕ್ಕೆ ಬರುವ ಸರಕಿನ ಮೇಲೆ ಅಗಸೆಯಲ್ಲೇ ಸುಂಕ ಎತ್ತುತ್ತಿದ್ದರು. ಕರ್ನಾಟಕದಲ್ಲಿ 1979ರಲ್ಲಿ ಅದು ರದ್ದಾಯಿತು. ಗಾಡಿಯವರಿಗೆ ಕಾಟ ತಪ್ಪಿತು, ನಿಜ. ಆದರೆ ಊರಿನ ಸ್ವಂತ ಸಂಪಾದನೆಯ ಒಂದು ದೊಡ್ಡ ಬಾಗಿಲೂ ಮುಚ್ಚಿತು. ಅಂದಿನಿಂದ ಪೇಟೆಗಳು ಸರ್ಕಾರದ ಅನುದಾನದ ಕಡೆಗೆ ಮುಖಮಾಡಿ ನಿಲ್ಲಬೇಕಾಯಿತು. ಉಳಿದ ಸ್ವಂತ ಆದಾಯವೆಂದರೆ ಮುಖ್ಯವಾಗಿ ಆಸ್ತಿ ತೆರಿಗೆ, ನೀರಿನ ಕರ, ಮಳಿಗೆಗಳ ಬಾಡಿಗೆ, ಸಂತೆಯ ಕರ, ಪರವಾನಗಿಯ ಶುಲ್ಕ. ಆಸ್ತಿ ತೆರಿಗೆಯೊಡನೆ ಉಪಕರಗಳನ್ನೂ ಕೂಡಿಸಿ ವಸೂಲು ಮಾಡುವ ಪದ್ಧತಿಯುಂಟು: 100 ರೂಪಾಯಿ ತೆರಿಗೆಗೆ ಆರೋಗ್ಯ ಉಪಕರ 15, ಗ್ರಂಥಾಲಯ ಉಪಕರ 6, ಭಿಕ್ಷಾಟನೆ ನಿವಾರಣೆಯ ಉಪಕರ 3. ಈ 24 ರೂಪಾಯಿ ನಗರಸಭೆಯ ಕೈಯಲ್ಲಿ ಹಾದುಹೋಗುವ ಹಣವೇ ಹೊರತು ಅದರ ಸ್ವಂತದ್ದಲ್ಲ. ಆದುದರಿಂದ ಜಮೆಯ ಮೊತ್ತ ದೊಡ್ಡದೆಂದು ಕೇಳಿದಾಗ ಪೌರನು ಕೇಳತಕ್ಕ ಮೊದಲ ಪ್ರಶ್ನೆ ಇದು: ಇದರಲ್ಲಿ ನಮ್ಮದೆಷ್ಟು, ಬೇರೆಯವರದೆಷ್ಟು, ಇಂಥದೇ ಕೆಲಸಕ್ಕೆಂದು ಗೊತ್ತುಮಾಡಿ ಬಂದದ್ದೆಷ್ಟು?

ಖರ್ಚಿನ ಪುಟದಲ್ಲಿಯೂ ಹೀಗೆಯೇ ಕೆಲವು ಪಾಲುಗಳು ಮೊದಲೇ ನಿಗದಿಯಾಗಿರುತ್ತವೆ. ಪರಿಶಿಷ್ಟ ಜಾತಿ ಪಂಗಡಗಳ ಹಿತಕ್ಕೆ ಶೇಕಡಾ 24.10, ಇತರ ಬಡವರಿಗೆ ಶೇಕಡಾ 7.25, ಅಂಗವಿಕಲರಿಗೆ ಶೇಕಡಾ 5 ಎಂದು ನಮ್ಮ ರಾಜ್ಯದ ಪೌರಸಂಸ್ಥೆಗಳು ತೆಗೆದಿರಿಸಬೇಕಾಗಿದೆ. ತೆಗೆದಿರಿಸುವುದು ಬೇರೆ, ವೆಚ್ಚ ಮಾಡುವುದು ಬೇರೆ. ಇದನ್ನು ನನಗೆ ಮನಗಾಣಿಸಿದ್ದು ಒಂದು ಸಭೆ. ಅದರ ಸಂಗತಿಯನ್ನು ಈಗ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಸೀಮೆಯ ಒಂದು ಪೇಟೆಯಲ್ಲಿ ಇಂಥ ಸಭೆಗೆ ಹೋಗಿದ್ದೆ. ಪೇಟೆಯ ಹೆಸರು ಇಲ್ಲಿ ಅಗತ್ಯವಿಲ್ಲ. ಸಭೆಗಳು ಸಾಮಾನ್ಯವಾಗಿ ಸಾರ್ವಜನಿಕರಿಗೆ ತೆರೆದಿರತಕ್ಕವು. ಹಿಂದಿನ ಬೆಂಚಿನ ಮೇಲೆ ಕುಳಿತೆ. ಸದಸ್ಯರಿಗೆ ಅಂಕಿಗಳ ಪುಸ್ತಕವನ್ನು ಅಂದು ಬೆಳಿಗ್ಗೆಯೇ ಹಂಚಿದ್ದರು. ಅಧ್ಯಕ್ಷರು ಭಾಷಣವನ್ನು ಓದಿದರು. ಕೊನೆಯಲ್ಲಿ ಉಳಿತಾಯದ ಮೊತ್ತವನ್ನು ಹೇಳಿದಾಗ ಮೇಜು ತಟ್ಟಿದರು. ಅನಂತರ ಒಬ್ಬೊಬ್ಬ ಸದಸ್ಯರೂ ತಮ್ಮ ತಮ್ಮ ವಾರ್ಡಿನ ಗಟಾರ, ದೀಪದ ಕಂಬ, ಕೊಳವೆ ಇವುಗಳನ್ನು ಕುರಿತು ಗಟ್ಟಿಯಾಗಿ ಮಾತನಾಡಿದರು. ನ್ಯಾಯವಾದ ಮಾತುಗಳೇ. ಆದರೆ ಕೈಯಲ್ಲಿದ್ದ ಪುಸ್ತಕವನ್ನು ತೆರೆದು ಮಾತನಾಡಿದವರು ಬಹಳ ಮಂದಿ ಇರಲಿಲ್ಲ.

ಆ ಪುಸ್ತಕದ ಪ್ರತಿಯೊಂದು ಸಾಲಿಗೂ ನಾಲ್ಕು ಮನೆಗಳಿರುತ್ತವೆ. ಹಿಂದಿನ ವರ್ಷ ನಿಜವಾಗಿ ಆದ ಖರ್ಚು ಒಂದು. ನಡೆಯುತ್ತಿರುವ ವರ್ಷಕ್ಕೆ ಇಟ್ಟ ಹಣ ಎರಡು. ಅದರಲ್ಲಿ ವರ್ಷಾಂತ್ಯಕ್ಕೆ ಎಷ್ಟು ವೆಚ್ಚವಾದೀತೆಂಬ ಪರಿಷ್ಕೃತ ಅಂದಾಜು ಮೂರು. ಬರುವ ವರ್ಷದ ಅಂದಾಜು ನಾಲ್ಕು. ಭಾಷಣವೆಲ್ಲ ನಾಲ್ಕನೆಯ ಮನೆಯದು. ಸತ್ಯವಿರುವುದು ಒಂದನೆಯ ಮತ್ತು ಮೂರನೆಯ ಮನೆಗಳಲ್ಲಿ.

ಒಬ್ಬ ಮಹಿಳಾ ಸದಸ್ಯರು ಎದ್ದು ನಿಂತರು. ಮೊದಲ ಸಲ ಆರಿಸಿ ಬಂದವರೆಂದು ಪಕ್ಕದವರು ಹೇಳಿದರು. ಸಂತೆಯ ಬಯಲಿನಲ್ಲಿ ಹೆಂಗಸರಿಗೆ ಶೌಚಾಲಯ ಕಟ್ಟಿಸುವ ಬಗ್ಗೆ ಒಂದು ಸಾಲು ಪುಸ್ತಕದಲ್ಲಿತ್ತು. ಅವರು ಅದರ ಮೇಲೆ ಬೆರಳಿಟ್ಟು, "ಸಾಹೇಬ್ರ, ಈ ವರ್ಷ ಇದಕ್ಕ ರೊಕ್ಕ ಇಟ್ಟಿದ್ರಿ. ಖರ್ಚಿನ ಮನ್ಯಾಗ ಸೊನ್ನಿ ಐತಿ. ಹೋದ ವರ್ಷಾನೂ ಸೊನ್ನಿ. ಮುಂದಿನ ವರ್ಷಕ್ಕ ಮತ್ತ ಅಷ್ಟ ರೊಕ್ಕ ಬರದೀರಿ. ಕಟ್ಟೂದು ಯಾವಾಗ್ರಿ?" ಎಂದು ಕೇಳಿದರು.

"ಜಾಗಾ ಸಿಕ್ಕಿಲ್ರಿ ಅಕ್ಕಾರ" ಎಂದು ಉತ್ತರ ಬಂತು.

ಅವರು ಪುಸ್ತಕದ ಜಮೆಯ ಭಾಗಕ್ಕೆ ಪುಟ ತಿರುವಿದರು. "ಸಂತಿ ಕರಾ ಇಷ್ಟು ಬಂದೈತಿ ಅಂತ ಇಲ್ಲಿ ಬರದೀರಿ. ಕರಾ ವಸೂಲಿ ಮಾಡಾಕ ಆ ಬಯಲಾಗ ಜಾಗಾ ಐತಿ, ಇದಕ್ಕ ಇಲ್ಲೇನ್ರಿ?"

ಸಭೆ ಒಂದು ಕ್ಷಣ ಸುಮ್ಮನಾಯಿತು. ಆ ಮೌನದಲ್ಲಿ ನನಗೆ ಹೊಳೆದ ವಿಚಾರವೇ ಈ ಭಾಷಣಕ್ಕೆ ಕಾರಣ. ಸಂತೆಗೆ ಕಾಯಿಪಲ್ಲೆ ತಂದು ಕೂಡುವ ಹೆಂಗಸರಲ್ಲಿ ಬಹುಮಂದಿ ಪೇಟೆಯವರಲ್ಲ. ತಿಮ್ಮಾಪುರದಂಥ ಸುತ್ತಣ ಹಳ್ಳಿಗಳವರು. ಬೆಳಗಿನ ಜಾವ ಬುಟ್ಟಿ ಹೊತ್ತು ಹೊರಟು ಸಂಜೆಯವರೆಗೆ ಬಿಸಿಲಿನಲ್ಲಿ ಕುಳಿತಿರುತ್ತಾರೆ. ಹೊರಗೆ ಹೋಗುವ ತೊಂದರೆಯಾದೀತೆಂದು ನೀರು ಕುಡಿಯುವುದನ್ನೇ ಬಿಡುತ್ತಾರೆ. ಪೇಟೆಯ ಚುನಾವಣೆಯಲ್ಲಿ ಅವರಿಗೆ ಮತವಿಲ್ಲ. ಆದರೆ ಕುಳಿತ ನೆಲಕ್ಕೆ ಅವರು ಕರ ಕೊಡುತ್ತಾರೆ. ಜಮೆಯ ಪುಟದಲ್ಲಿ ಅವರುಂಟು. ಖರ್ಚಿನ ಪುಟದಲ್ಲಿ ಅವರ ಹೆಸರಿನಲ್ಲಿ ಸೊನ್ನೆ. ಮತವಿಲ್ಲದವರ ಸಾಲನ್ನು ಓದುವವರು ಯಾರಾದರೊಬ್ಬರು ಆ ಸಭೆಯಲ್ಲಿ ಇರಲೇಬೇಕು.

ಕಟ್ಟಕಡೆಗೆ, ಸ್ಥಳವನ್ನು ಗೊತ್ತುಮಾಡಿ ಮುಂದಿನ ಸಭೆಗೆ ತಿಳಿಸತಕ್ಕದ್ದೆಂದು ನಡಾವಳಿಯ ಪುಸ್ತಕದಲ್ಲಿ ಬರೆಸಿದ ಮೇಲೆಯೇ ಆ ಸದಸ್ಯರು ಕುಳಿತರು. ಇದೂ ಗಮನಿಸತಕ್ಕ ವಿಷಯ. ಸಭೆಯಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತದೆ. ನಡಾವಳಿಯಲ್ಲಿ ಬರೆದ ಮಾತು ಮರುವರ್ಷ ಎದುರಿಗೆ ಬಂದು ನಿಲ್ಲುತ್ತದೆ.

ಅಧಿಕಾರಿಗಳ ಪಕ್ಷವನ್ನೂ ಹೇಳದಿದ್ದರೆ ನ್ಯಾಯವಾಗಲಾರದು. ಅನುದಾನದ ಕಂತು ಕೆಲವೊಮ್ಮೆ ವರ್ಷದ ಕೊನೆಗೆ ಬರುತ್ತದೆ. ನೆಲದ ತಕರಾರು ನ್ಯಾಯಾಲಯದಲ್ಲಿರುತ್ತದೆ. ಕರೆದ ಟೆಂಡರಿಗೆ ಯಾರೂ ಬರುವುದಿಲ್ಲ. ಸೊನ್ನೆಯೆಲ್ಲವೂ ಕಳ್ಳತನವಲ್ಲ. ಆದರೆ ಪ್ರತಿಯೊಂದು ಸೊನ್ನೆಗೂ ಒಂದು ಕಾರಣವುಂಟು, ಆ ಕಾರಣವನ್ನು ಕೇಳುವ ಅಧಿಕಾರ ನಮಗುಂಟು. ಕೇಳುವವರಿಲ್ಲದಿದ್ದರೆ ಸಣ್ಣ ಅಡಚಣೆಯೇ ಶಾಶ್ವತವಾದ ಉತ್ತರವಾಗಿ ಬಿಡುತ್ತದೆ.

ಬ್ರೆಜಿಲ್ ದೇಶದ ಪೋರ್ಟೊ ಅಲೆಗ್ರೆ ಎಂಬ ನಗರದಲ್ಲಿ 1989ರಿಂದ ಮೊಹಲ್ಲೆಗಳ ಜನರೇ ಕೂಡಿ ಯಾವ ಕೆಲಸ ಮೊದಲಾಗಬೇಕೆಂದು ಚರ್ಚಿಸುವ ಪದ್ಧತಿ ಬೆಳೆದು ಲೋಕಪ್ರಸಿದ್ಧವಾಯಿತು. ಅಷ್ಟು ದೂರ ಹೋಗಬೇಕಾದುದಿಲ್ಲ. ನಮ್ಮಲ್ಲಿಯೂ ಮುಂಗಡಪತ್ರ ಸಿದ್ಧವಾಗುವುದಕ್ಕೆ ಮುಂಚೆ ನಾಗರಿಕರ ಪೂರ್ವಭಾವಿ ಸಭೆ ಕರೆಯುತ್ತಾರೆ. ಕುರ್ಚಿಗಳನ್ನು ಹಾಕಿರುತ್ತಾರೆ; ಕೂಡುವವರಿಲ್ಲ. ಮಾರ್ಚಿಯಲ್ಲಿ ಬೈಯುವುದಕ್ಕಿಂತ ಆ ಸಭೆಯಲ್ಲಿ ಒಂದು ಮಾತು ಹೇಳುವುದು ಹೆಚ್ಚು ಫಲಕಾರಿ.

ಇಡೀ ಪುಸ್ತಕವನ್ನು ಓದಿರೆಂದು ನಾನು ಹೇಳಲಾರೆ. ಅದು ನನ್ನಿಂದಲೂ ಆಗದು. ನಿಮಗೆ ಬೇಕಾದ ಒಂದೇ ಒಂದು ಸಾಲನ್ನು ಆರಿಸಿಕೊಳ್ಳಿರಿ: ಶಾಲೆಯ ಮುಂದಿನ ಗಟಾರವಾಗಲಿ, ಸ್ಮಶಾನದ ದಾರಿಯಾಗಲಿ. ಅದರ ನಾಲ್ಕು ಮನೆಗಳ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದಿಡಿರಿ. ಮರುವರ್ಷ ಆ ಚೀಟಿಯೊಡನೆ ಹೋಗಿರಿ. ಹಳ್ಳಿಯವರಿಗೂ ಇದೇ ಉಪಾಯ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಕೂಡಬೇಕೆಂದು ನಮ್ಮ ಪಂಚಾಯತಿ ಕಾಯಿದೆ ಹೇಳುತ್ತದೆ. ಪೇಟೆಯ ಪುಸ್ತಕವನ್ನು ಓದಲು ಕಲಿತ ಕಣ್ಣಿಗೆ ಪಂಚಾಯತಿಯ ಲೆಕ್ಕ ಕಷ್ಟವಾಗದು.

ಮರುವರ್ಷ ನಾನು ಅದೇ ಸಭೆಗೆ ನನ್ನ ಚೀಟಿಯೊಡನೆ ಹೋದೆ. ಆ ಸಾಲಿನ ಮೂರನೆಯ ಮನೆಯಲ್ಲಿ ಸೊನ್ನೆ ಇರಲಿಲ್ಲ. ಇಟ್ಟ ಹಣದ ಅರ್ಧಕ್ಕಿಂತ ಕಡಿಮೆ ವೆಚ್ಚವಾಗಿತ್ತು. ಸಭೆ ಮುಗಿದ ಮೇಲೆ ಸಂತೆಯ ಬಯಲಿಗೆ ಹೋಗಿ ನೋಡಿದೆ. ಗೋಡೆಗಳು ಎದ್ದಿದ್ದವು, ಬಾಗಿಲು ಬಂದಿರಲಿಲ್ಲ, ನಲ್ಲಿಯೂ ಬಂದಿರಲಿಲ್ಲ. ಆ ವರ್ಷದ ಅಂಕಿಗಳನ್ನು ಅದೇ ಚೀಟಿಯ ಕೆಳಗೆ ಬರೆದುಕೊಂಡು ಬಸ್ಸು ಹತ್ತಿದೆ.