ಡ್ಯಾನ್ ಪ್ಯಾಚ್: ಲೆಕ್ಕಕ್ಕೆ ಬಾರದ 1 ನಿಮಿಷ 55 ಸೆಕೆಂಡ್

ಹೋದ ವಾರ ನನಗೊಂದು ಮೇಲ್ ಬಂತು. ಒಂದು ಪ್ರೋಟೀನ್ ಪೌಡರ್ ಕಂಪನಿಯವರದು. ಎಪಿಸೋಡ್ ಮಧ್ಯೆ "ನಾನು ದಿನಾ ಇದನ್ನೇ ಕುಡಿಯೋದು" ಅಂತ ಒಂದು ಸಾಲು ಹೇಳಬೇಕಂತೆ. ಕೊಡ್ತೀನಿ ಅಂದಿರೋ ದುಡ್ಡು ನನ್ನ ಎರಡು ತಿಂಗಳ ರೂಮ್ ಬಾಡಿಗೆ. ಆ ಪೌಡರ್ ಡಬ್ಬಿನ ನಾನು ಕಣ್ಣಲ್ಲೂ ನೋಡಿಲ್ಲ. ಏನು ಮಾಡ್ಲಿ ಅಂತ ಯೋಚಿಸ್ತಿದ್ದಾಗ ನೆನಪಾಗಿದ್ದು ಈ ಕುದುರೆ.

ಹೆಸರು ಡ್ಯಾನ್ ಪ್ಯಾಚ್. ಹುಟ್ಟಿದ್ದು 1896ರಲ್ಲಿ, ಅಮೆರಿಕದ ಇಂಡಿಯಾನಾ ರಾಜ್ಯದ ಆಕ್ಸ್‌ಫರ್ಡ್ ಅನ್ನೋ ಸಣ್ಣ ಊರಲ್ಲಿ. ಹುಟ್ಟುವಾಗಲೇ ಒಂದು ಕಾಲು ಸೊಟ್ಟ. ಅದರ ತಾಯಿಯನ್ನು ಮೆಸ್ನರ್ ಅನ್ನೋ ಅಂಗಡಿ ವ್ಯಾಪಾರಿ 255 ಡಾಲರ್‌ಗೆ ಕೊಂಡಿದ್ದ.

ಇದು ನಮ್ಮ ಬೆಂಗಳೂರಿನ ರೇಸ್‌ಕೋರ್ಸ್ ಥರದ ಓಟ ಅಲ್ಲ. ಹಾರ್ನೆಸ್ ರೇಸಿಂಗ್‌ನಲ್ಲಿ ಕುದುರೆ ಮೇಲೆ ಯಾರೂ ಕೂರೋದಿಲ್ಲ. ಹಿಂದೆ ಎರಡು ಚಕ್ರದ ಹಗುರವಾದ ಗಾಡಿ, ಅದರಲ್ಲಿ ಸಾರಥಿ. ಜಟಕಾ ನೆನಪಿಸಿಕೊಳ್ಳಿ, ಆಮೇಲೆ ಅದರಿಂದ ಚಾವಣಿ, ಸೀಟು, ಸಾಮಾನು ಎಲ್ಲ ಕಿತ್ತುಹಾಕಿ. ಕುದುರೆ ನಾಗಾಲೋಟಕ್ಕೆ ಬೀಳಬಾರದು. ಬಿದ್ದರೆ ಸಾರಥಿ ಲಗಾಮು ಜಗ್ಗಿ ಮತ್ತೆ ಹಳೆ ನಡಿಗೆಗೆ ತರಬೇಕು, ಅಷ್ಟರಲ್ಲಿ ಬೇರೆಯವರು ಮುಂದೆ ಹೋಗಿರ್ತಾರೆ. ಈ ನಡಿಗೆಯಲ್ಲಿ ಎರಡು ಬಗೆ. ಟ್ರಾಟಿಂಗ್‌ನಲ್ಲಿ ಓರೆಯಾಗಿ ಎದುರುಬದುರು ಇರೋ ಕಾಲುಗಳು ಜೊತೆಗೆ ಏಳುತ್ತವೆ. ಪೇಸಿಂಗ್‌ನಲ್ಲಿ ಒಂದೇ ಬದಿಯ ಎರಡು ಕಾಲು ಜೊತೆಗೆ, ಒಂಟೆ ಥರ. ಡ್ಯಾನ್ ಪ್ಯಾಚ್ ಪೇಸರ್.

ಒಂದು ರೇಸನ್ನೂ ಅದು ಸೋಲಲಿಲ್ಲ. ಆಗೆಲ್ಲ ಒಂದು ರೇಸ್ ಅಂದ್ರೆ ಹಲವು ಸುತ್ತು. ಇಡೀ ಜೀವನದಲ್ಲಿ ಅದು ಸೋತಿದ್ದು ಬರೀ ಎರಡು ಸುತ್ತು. ಕೊನೆಗೆ ಯಾರೂ ತಮ್ಮ ಕುದುರೆಯನ್ನ ಇದರ ಎದುರು ಇಳಿಸೋಕೇ ತಯಾರಿರಲಿಲ್ಲ. ಹಾಗಾಗಿ ಅದು ಗಡಿಯಾರದ ಜೊತೆ ಓಡೋಕೆ ಶುರುಮಾಡ್ತು. ಒಂದು ಮೈಲಿ, ಒಂದು ಕುದುರೆ, ಸುತ್ತ ಜನ.

1902ರಲ್ಲಿ ಇದನ್ನು ಮೆಸ್ನರ್ 20,000 ಡಾಲರ್‌ಗೆ ಮಾರಿದ. ಅದೇ ವರ್ಷದ ಡಿಸೆಂಬರಲ್ಲಿ ಮಿನಿಯಾಪೊಲಿಸ್‌ನ ಮೇರಿಯನ್ ವಿಲ್ಲಿಸ್ ಸ್ಯಾವೇಜ್ 60,000 ಕೊಟ್ಟು ಕೊಂಡ. ಸ್ಯಾವೇಜ್‌ದು ಇಂಟರ್‌ನ್ಯಾಷನಲ್ ಸ್ಟಾಕ್ ಫುಡ್ ಅನ್ನೋ ಕಂಪನಿ, ದನ-ಕುದುರೆ ಮೇವಿಗೆ ಬೆರೆಸೋ ಪುಡಿ ಮಾರೋ ವ್ಯವಹಾರ. ಬಿಕಾಂ ಓದಿದ ನನಗೆ ಕಥೆ ಶುರುವಾಗೋದು ಇಲ್ಲಿಂದ. ಡ್ಯಾನ್ ಪ್ಯಾಚ್ ದಿನಾ ನಮ್ಮ ಪುಡಿನೇ ತಿನ್ನೋದು ಅಂತ ಜಾಹೀರಾತು! ಕುದುರೆಯ ಬಣ್ಣದ ಚಿತ್ರ ಪುಕ್ಕಟೆ, ಆದರೆ ಎರಡು ಪ್ರಶ್ನೆಗೆ ಉತ್ತರ ಬರೆದು ಕಳಿಸಬೇಕು: ಯಾವ ಪತ್ರಿಕೆಯಲ್ಲಿ ಈ ಜಾಹೀರಾತು ನೋಡಿದ್ರಿ? ನಿಮ್ಮ ಹತ್ತಿರ ಎಷ್ಟು ಜಾನುವಾರು ಇವೆ? "ಮೊಬೈಲ್ ನಂಬರ್ ಹಾಕಿ, ಗಿಫ್ಟ್ ಗೆಲ್ಲಿ" ಅನ್ನೋದರ ಮುತ್ತಾತ ಇದು. ಕುದುರೆಗೆ ಸ್ವಂತ ರೈಲು ಡಬ್ಬಿ ಇತ್ತು. ಇರೋಕೆ ಗುಮ್ಮಟ ಇಟ್ಟ, ಬೆಚ್ಚಗಿನ ಲಾಯ. ಅದಕ್ಕೆ ಅಲ್ಲಿಯ ಜನ ಇಟ್ಟ ಅಡ್ಡಹೆಸರು ಕೇಳಿ: ತಾಜ್ ಮಹಲ್.

ಈಗ ಮುಖ್ಯ ವಿಷಯ. 1906ರ ಸೆಪ್ಟೆಂಬರ್ 8, ಮಿನ್ನೆಸೋಟ ರಾಜ್ಯದ ಜಾತ್ರೆ. ಸುಮಾರು 93,000 ಜನ ಸೇರಿದ್ದರು ಅಂತಾರೆ. ಸಾರಥಿ ಹ್ಯಾರಿ ಹರ್ಸಿ. ಒಂದು ಮೈಲಿ, 1 ನಿಮಿಷ 55 ಸೆಕೆಂಡ್. ಲೆಕ್ಕ ಹಾಕಿದ್ರೆ ಗಂಟೆಗೆ 50 ಕಿಲೋಮೀಟರ್. ಗಾಡಿ ಎಳ್ಕೊಂಡು, ನಾಗಾಲೋಟ ಇಲ್ಲದೆ!

ಆದರೆ ರೇಸಿಂಗ್ ಸಂಸ್ಥೆ ಇದನ್ನು ದಾಖಲೆ ಅಂತ ಒಪ್ಪಲಿಲ್ಲ. ಯಾಕಂದ್ರೆ ಡ್ಯಾನ್ ಪ್ಯಾಚ್ ಮುಂದೆ ಇನ್ನೊಂದು ಕುದುರೆ ಗಾಡಿ ಎಳ್ಕೊಂಡು ಓಡ್ತಾ ಗಾಳಿ ಸೀಳ್ತಿತ್ತು. ಲಾರಿ ಹಿಂದೆ ಸೈಕಲ್ ಹೊಡೆದವರಿಗೆ ಅದರ ಸುಖ ಗೊತ್ತು. (ಹೊಡೀಬೇಡಿ, ಪ್ಲೀಸ್.) ಅಧಿಕೃತವಾಗಿ ಉಳಿದದ್ದು 1905ರಲ್ಲಿ ಲೆಕ್ಸಿಂಗ್ಟನ್‌ನಲ್ಲಿ ಓಡಿದ 1 ನಿಮಿಷ 55¼ ಸೆಕೆಂಡ್. ವ್ಯತ್ಯಾಸ ಕಾಲು ಸೆಕೆಂಡ್. ಸ್ಯಾವೇಜ್ ಬಗ್ಗಲಿಲ್ಲ. ತನ್ನ ಪೋಸ್ಟರ್, ಜಾಹೀರಾತುಗಳಲ್ಲಿ 1:55 ಅಂತಲೇ ಅಚ್ಚು ಹಾಕಿಸಿದ.

ನನ್ನ ಮಟ್ಟಿಗೆ ಸಂಸ್ಥೆ ಮಾಡಿದ್ದೇ ಸರಿ. ಆದ್ರೂ ಕುದುರೆ ಬಗ್ಗೆ ಪಾಪ ಅನಿಸುತ್ತೆ. ಅದಕ್ಕೆ ಕಾಲು ಸೆಕೆಂಡ್ ಬೇಕಿರಲಿಲ್ಲ, ಬೇಕಾಗಿದ್ದು ಯಜಮಾನನಿಗೆ. ಮುಂದೆ ಗಾಳಿತಡೆ ಇಲ್ಲದೆ ಬಿಲ್ಲಿ ಡೈರೆಕ್ಟ್ ಅನ್ನೋ ಪೇಸರ್ ಸರಿಯಾಗಿ 1:55ಕ್ಕೆ ಓಡಿದ್ದು 1938ರಲ್ಲಿ. 32 ವರ್ಷ ಆದ್ಮೇಲೆ!

ಹಾಗಂತ ಸ್ಯಾವೇಜ್‌ನ ಪ್ರೀತಿ ಪೂರ್ತಿ ನಾಟಕ ಅನ್ನೋಕೂ ನನಗೆ ಬಾಯಿ ಬರಲ್ಲ. ಡ್ಯಾನ್ ಪ್ಯಾಚ್ 1909ರಲ್ಲಿ ಕುಂಟತೊಡಗಿ ಓಟ ನಿಲ್ಲಿಸಿತು. ಪ್ರದರ್ಶನದ ದುಡ್ಡು ನಿಂತ ಮೇಲೂ ಅದನ್ನ ಮಾರಲಿಲ್ಲ, ತನ್ನ ಹತ್ತಿರವೇ ಇಟ್ಕೊಂಡ. 1916ರ ಜುಲೈ 11ರಂದು ಕುದುರೆ ಸತ್ತಿತು. ಸ್ಯಾವೇಜ್ ಆಗ ಸಣ್ಣದೊಂದು ಆಪರೇಷನ್‌ಗೆ ಆಸ್ಪತ್ರೆಯಲ್ಲಿದ್ದ. ಮರುದಿನ, ಜುಲೈ 12, ಅವನೂ ಹೋದ. ಆ ತಾಜ್ ಮಹಲ್ ಇದ್ದ ಊರಿನ ಹೆಸರು ಮೊದಲು ಹ್ಯಾಮಿಲ್ಟನ್. ಈಗ ಮ್ಯಾಪ್‌ನಲ್ಲಿ ಹುಡುಕಿದ್ರೆ ಸ್ಯಾವೇಜ್ ಅಂತ ಸಿಗುತ್ತೆ. ಅಲ್ಲಿ ನಡೆಯೋ ಊರ ಹಬ್ಬ ಮಾತ್ರ ಕುದುರೆ ಹೆಸರಲ್ಲಿ, ಡ್ಯಾನ್ ಪ್ಯಾಚ್ ಡೇಸ್.

ಪೌಡರ್‌ನವರಿಗೆ ನಿನ್ನೆ ರಾತ್ರಿ ಉತ್ತರ ಬರೆದೆ: ಜಾಹೀರಾತು ಓದ್ತೀನಿ, "ದಿನಾ ಕುಡೀತೀನಿ" ಅನ್ನೋ ಸಾಲು ಬಿಟ್ಟು. ಇನ್ನೂ ರಿಪ್ಲೈ ಬಂದಿಲ್ಲ. ಬಂದ್ರೆ ಮುಂದಿನ ಎಪಿಸೋಡಲ್ಲಿ ನಿಮಗೇ ಗೊತ್ತಾಗುತ್ತೆ. ಸಿಗೋಣ.